ಶಾರ್ಲ್ ರಿಶೆ ಮತ್ತು ನೆಪ್ಚೂನ್ ಎಂಬ ನಾಯಿ

ಅಭ್ಯಾಸ ಬೋಧನೆಯ ಎರಡನೆಯ ವಾರ ಕಡಲೆಬೀಜದ ಚಿಕ್ಕಿ ತಿಂದ ಹುಡುಗಿಯೊಬ್ಬಳ ತುಟಿ ಊದಿತು, ಮೈಮೇಲೆ ದದ್ದು ಎದ್ದಿತು, ದನಿ ಗೊಗ್ಗರಾಯಿತು. ಹಿಂದೆಯೂ ತಿಂದಿದ್ದಾಳಲ್ಲ ಎಂದು ನಾನು ಅವಳೊಬ್ಬಳನ್ನೇ ನಲ್ಲಿಯ ಬಳಿ ಕಳಿಸಿದೆ. ಅಡುಗೆಯಮ್ಮ ನೋಡಿ ಆಸ್ಪತ್ರೆಗೆ ಸಾಗಿಸಿದ್ದರಿಂದ ಉಳಿದಳು. ರಿಶೆಯವರ ಬದುಕನ್ನು ನಾನು ಓದಿದ್ದು ಆಮೇಲೆ.

1850ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಅವರು ಶಸ್ತ್ರವೈದ್ಯರ ಮಗ, ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕ. ಪ್ರೇತಗಳ ಬೆನ್ನೂ ಹತ್ತಿದ್ದರು (ಇದನ್ನು ತರಗತಿಯಲ್ಲಿ ಹೇಳಲಿಲ್ಲ). 1901ರಲ್ಲಿ ಮೊನಾಕೊ ರಾಜಕುಮಾರನ ಹಡಗಿನಲ್ಲಿ ಪೋರ್ತಿಯೆ ಅವರೊಂದಿಗೆ ಕಡಲಜೀವಿಗಳ ವಿಷದ ಪ್ರಯೋಗ ಆರಂಭಿಸಿದರು. ಪ್ಯಾರಿಸ್‌ಗೆ ಮರಳಿ, ನಿರೋಧಶಕ್ತಿ ಬರಲೆಂದು ಸೀ ಅನಿಮೋನ್ ವಿಷವನ್ನು ನಾಯಿಗಳಿಗೆ ಚುಚ್ಚಿದರು. ನೆಪ್ಚೂನ್ ಎಂಬ ಗಟ್ಟಿಮುಟ್ಟಾದ ನಾಯಿಗೆ ಮೊದಲು ಏನೂ ಆಗಲಿಲ್ಲ. ಸುಮಾರು ಮೂರು ವಾರದ ಮೇಲೆ ಮತ್ತೆ ಅಲ್ಪ ವಿಷ ಕೊಟ್ಟಾಗ ಏದುಸಿರು, ವಾಂತಿ; 25 ನಿಮಿಷದಲ್ಲಿ ಸತ್ತಿತು. ರಕ್ಷಣೆಗೆ ವಿರುದ್ಧವಾದ ಈ ಸ್ಥಿತಿಗೆ 1902ರಲ್ಲಿ ಅನಾಫಿಲ್ಯಾಕ್ಸಿಸ್ ಎಂದು ಹೆಸರಿಟ್ಟರು. 1913ರಲ್ಲಿ ನೊಬೆಲ್ ಬಂತು, 1935ರಲ್ಲಿ ತೀರಿಕೊಂಡರು.

ಮುಂದಿನ ಪಾಠಯೋಜನೆಗೆ ಸೇರಿಸಿದೆ: ಇಂಥ ಮಗುವನ್ನು ನಡೆಸಬಾರದು, ಒಂಟಿಯಾಗಿ ಬಿಡಬಾರದು, ಮಲಗಿಸಿ ಕಾಲು ಎತ್ತಿಡಬೇಕು, ಉಸಿರಾಟ ಕಷ್ಟವಾದರೆ ಒರಗಿಸಿ ಕೂರಿಸಬೇಕು, ತಕ್ಷಣ 108ಕ್ಕೆ ಕರೆ ಮಾಡಬೇಕು. ಬೇಕಾದ ಮದ್ದು ಅಡ್ರಿನಲಿನ್ ಚುಚ್ಚುಮದ್ದು. ಆ ಹುಡುಗಿಯೂ ಮೊದಲ ಬೆಂಚಿನಲ್ಲಿ ಕೂತು ಬರೆದುಕೊಂಡಳು.