ಗಣಿತಶಾಸ್ತ್ರಜ್ಞ ಶ್ರೀನಿವಾಸ ರಾಮಾನುಜನ್‌ರವರು

ಹುಟ್ಟಿನಿಂದಲೇ ಮಹಾಪ್ರತಿಭೆಯುಳ್ಳವರಿಗೂ ಕೈಹಿಡಿದು ನಡೆಯಿಸುವವರು ಬೇಕೆಂಬುದಕ್ಕೆ ಶ್ರೀನಿವಾಸ ರಾಮಾನುಜನ್‌ರವರ ಚರಿತ್ರೆಯೇ ನಿದರ್ಶನವು.

ಇವರು 1887ನೆಯ ಇಸವಿ ಡಿಸೆಂಬರ್ 22ರಲ್ಲಿ ಈರೋಡಿನಲ್ಲಿ ಜನಿಸಿ, ಕುಂಭಕೋಣದಲ್ಲಿ ಬೆಳೆದರು. ತಂದೆಯವರು ಜವಳಿ ಅಂಗಡಿಯ ಗುಮಾಸ್ತರು, ಸಂಸಾರವು ಬಡತನದ್ದು. 1903ರಲ್ಲಿ ಕಾರ್ ಎಂಬ ಆಂಗ್ಲ ಅಧ್ಯಾಪಕನು ರಚಿಸಿದ ಗಣಿತಸೂತ್ರಗಳ ಸಂಗ್ರಹವೊಂದು ಕೈಸೇರಲು, ಅದರೊಳಗಿನ ಸಿದ್ಧಾಂತಗಳನ್ನು ಬಾಲಕನು ಸ್ವಪ್ರಯತ್ನದಿಂದಲೇ ಸಾಧಿಸತೊಡಗಿದನು. 1904ರಲ್ಲಿ ವಿದ್ಯಾರ್ಥಿವೇತನದೊಡನೆ ಕುಂಭಕೋಣದ ಸರ್ಕಾರಿ ಕಾಲೇಜನ್ನು ಸೇರಿದರೂ, ಗಣಿತದ ಧ್ಯಾನದಲ್ಲಿ ಮಿಕ್ಕ ವಿಷಯಗಳು ಹಿಂದೆ ಬಿದ್ದವು. ಇಂಗ್ಲಿಷ್ ಪ್ರಬಂಧರಚನೆಯಲ್ಲಿ ಅನುತ್ತೀರ್ಣರಾದ್ದರಿಂದ ಆ ವೇತನವು ತಪ್ಪಿತು. ಅನಂತರ ಮದರಾಸಿನ ಪಚ್ಚೈಯಪ್ಪ ಕಾಲೇಜಿನಲ್ಲಿ ಓದಿದರೂ ಎಫ್. ಎ. ಪರೀಕ್ಷೆಯು ಕೈಗೂಡಲಿಲ್ಲ.

ಪದವಿಯಿಲ್ಲದವರಿಗೆ ಉದ್ಯೋಗವೆಲ್ಲಿಯದು? ಹೊಟ್ಟೆಪಾಡಿಗಾಗಿ ಮನೆಪಾಠವನ್ನು ಹಿಡಿದರು. ಶಿಷ್ಯನಿಗೆ ಬೇಕಾದುದು ಪರೀಕ್ಷೆಯ ಲೆಕ್ಕ. ಗುರುವಿನ ಮನಸ್ಸಾದರೋ ಪಠ್ಯದ ಎಲ್ಲೆಯನ್ನು ದಾಟಿ ಅನಂತದ ಕಡೆಗೆ ಓಡುತ್ತಿದ್ದಿತು. ಆದಕಾರಣ ಆ ವೃತ್ತಿಯಲ್ಲಿ ನೆಲೆ ದೊರೆಯಲಿಲ್ಲ. ಬಲ್ಲವರೆಲ್ಲರೂ ಕಲಿಸಬಲ್ಲವರಲ್ಲ, ಶಿಷ್ಯನ ಮೆಟ್ಟಿಲಿಗೆ ಇಳಿದು ಬರುವುದೇ ಬೇರೊಂದು ವಿದ್ಯೆ.

1911ರಲ್ಲಿ ಇವರ ಮೊದಲನೆಯ ಪ್ರೌಢಲೇಖನವು ಭಾರತೀಯ ಗಣಿತಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಬೆಂಗಳೂರು ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕರೂ ಆ ಪತ್ರಿಕೆಯ ಸಂಪಾದಕರೂ ಆಗಿದ್ದ ಎಂ. ಟಿ. ನಾರಾಯಣ ಅಯ್ಯಂಗಾರ್ಯರು, ಬರವಣಿಗೆಯು ಅತಿಸಂಕ್ಷಿಪ್ತವೂ ಅಸ್ಪಷ್ಟವೂ ಆಗಿರುವುದನ್ನು ಕಂಡು, ತಿರಸ್ಕರಿಸದೆ, ಪುನಃಪುನಃ ಹಿಂದಿರುಗಿಸಿ ತಿದ್ದಿಸಿದರು. ವಾಕ್ಯರಚನೆಯಲ್ಲಿ ಸೋತವರಿಗೆ ಇಂತಹ ತಾಳ್ಮೆಯೇ ಉಪಕಾರವಾಯಿತು.

1912ರಲ್ಲಿ ಮದರಾಸು ಬಂದರಿನ ಕಛೇರಿಯಲ್ಲಿ ತಿಂಗಳಿಗೆ 30 ರೂಪಾಯಿಗಳ ಗುಮಾಸ್ತೆ ಕೆಲಸ ದೊರೆಯಿತು. 1913ರ ಜನವರಿಯಲ್ಲಿ ಕೇಂಬ್ರಿಜ್ಜಿನ ಹಾರ್ಡಿಯವರಿಗೆ ಬರೆದ ಪತ್ರವು ಭಾಗ್ಯದ ಬಾಗಿಲನ್ನು ತೆರೆಯಿತು. 1914ರಲ್ಲಿ ಅಲ್ಲಿಗೆ ಹೋದ ಶಿಷ್ಯನಿಗೆ ಹಾರ್ಡಿಯವರು, ಸಹಜಸ್ಫೂರ್ತಿಯು ಎಲ್ಲಿ ಕುಂದುವುದೋ ಎಂಬ ಎಚ್ಚರದಿಂದ, ಸಾಧನಕ್ರಮವನ್ನು ಮೆಲ್ಲಮೆಲ್ಲನೆ ಕಲಿಸಿದರು; ಕಲಿಸುತ್ತ ತಾವೂ ಕಲಿತರು. 1918ರಲ್ಲಿ ರಾಯಲ್ ಸೊಸೈಟಿಯು ಇವರನ್ನು ಸದಸ್ಯರನ್ನಾಗಿ ಆರಿಸಿತು. 1919ರಲ್ಲಿ ರೋಗಪೀಡಿತರಾಗಿ ಸ್ವದೇಶಕ್ಕೆ ಮರಳಿ, 1920ನೆಯ ಏಪ್ರಿಲ್ 26ರಂದು, 32ನೆಯ ವಯಸ್ಸಿನಲ್ಲಿ ದೇಹವನ್ನು ಬಿಟ್ಟರು.

ಮಠದ ಉಚಿತ ಪ್ರಸಾದನಿಲಯದಲ್ಲಿ ಉಂಡು ಓದುವ ಮಕ್ಕಳೊಳಗೆ ಒಬ್ಬನಿಗೆ ಲೆಕ್ಕವು ತೊಡಕು, ಮತ್ತೊಬ್ಬನಿಗೆ ಇಂಗ್ಲಿಷ್ ಪ್ರಬಂಧವು ತೊಡಕು. ಒಂದು ವಿಷಯದಲ್ಲಿ ಎಡವಿದ ಮಾತ್ರಕ್ಕೆ ಮಗುವು ಅಯೋಗ್ಯನೆಂದು ಎಣಿಸತಕ್ಕದ್ದಲ್ಲ. ಸಂಜೆಯ ಒಂದು ಗಳಿಗೆ ಅವನ ಬಳಿ ಕುಳಿತು ತಿದ್ದಿ ತಿಳಿಸುವುದೂ ದಾಸೋಹವೇ. ಅನ್ನದಾಸೋಹದೊಡನೆ ಈ ಜ್ಞಾನದಾಸೋಹವು ನಡೆದಲ್ಲಿ ಗುರುಕೃಪೆಯು ಸಫಲವಾಗುವುದು.