ಕೋಪವನ್ನು ಅರಿತ ಅಣ್ಣ ಬಸವಣ್ಣ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಮಹನೀಯರೊಬ್ಬರ ಜೀವನವನ್ನು ಕುರಿತು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ ನನ್ನ ಮನಸ್ಸಿಗೆ ಮೊದಲು ಹೊಳೆದದ್ದು ಬಸವಣ್ಣನವರ ಹೆಸರು. ಅದಕ್ಕೊಂದು ಕಾರಣವುಂಟು. ಉಪಾಧ್ಯಾಯನಾದ ಹೊಸತರಲ್ಲಿ, ಬೇರೊಂದು ಊರಿನ ಶಾಲೆಯಲ್ಲಿ, ಬಸವಣ್ಣನವರ ಪಾಠವನ್ನೇ ಹೇಳುತ್ತಿದ್ದಾಗ ನಕ್ಕ ಹುಡುಗನೊಬ್ಬನ ಕೆನ್ನೆಗೆ ಹೊಡೆದೆ. ಅವನು ನಕ್ಕದ್ದು ಕಿಟಕಿಗೆ ಬಂದಿದ್ದ ಅಳಿಲನ್ನು ಕಂಡು ಎಂಬುದು ಆಮೇಲೆ ತಿಳಿಯಿತು. ಮರುದಿನದಿಂದ ಅವನು ಶಾಲೆಗೆ ಬರಲಿಲ್ಲ. ಮನೆಗೆ ಹೋಗಿ ಕರೆದರೂ ಬರಲಿಲ್ಲ. ಅಂದಿನಿಂದ ಆ ಪಾಠವನ್ನು ನಾನು ನನಗಾಗಿ ಓದತೊಡಗಿದೆ.

ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲಿ ಬಾಗೇವಾಡಿಯ ಮಾದರಸ, ಮಾದಲಾಂಬಿಕೆಯರ ಮಗನಾಗಿ ಜನಿಸಿದರು. ಜಾತಿಭೇದವನ್ನು ಒಪ್ಪದೆ, ಉಪನಯನವನ್ನು ತೊರೆದು ಕೂಡಲಸಂಗಮಕ್ಕೆ ಹೋಗಿ ವಿದ್ಯೆ ಪಡೆದರು. ಅಲ್ಲಿ ಮಲಪ್ರಭೆಯನ್ನು ಕೂಡಿಕೊಂಡ ಕೃಷ್ಣೆಯೇ ಮುಂದೆ ನಮ್ಮ ಮಕ್ತಲ್, ಗದ್ವಾಲ್ ಸೀಮೆಗೆ ಹರಿದು ಬರುತ್ತಾಳೆ. ಮಂಗಳವೇಡೆಯಲ್ಲಿ ಕರಣಿಕರಾಗಿ ಸೇವೆಗೆ ಸೇರಿದ ಅವರು, ಕಲಚುರಿ ಬಿಜ್ಜಳನು ಕಲ್ಯಾಣದ ಸಿಂಹಾಸನವನ್ನೇರಿದ ಮೇಲೆ ಅವನ ಭಂಡಾರಿಗಳಾದರು.

ಅಧಿಕಾರವಿದ್ದಲ್ಲಿ ಅಸೂಯೆಯೂ ಇರುವುದು ಸಹಜ. ಭಂಡಾರದ ಹಣವನ್ನು ಜಂಗಮರಿಗೆ ಸುರಿಯುತ್ತಾರೆಂದು ಅವರ ಮೇಲೆ ಚಾಡಿ ಹೇಳಿದವರಿದ್ದರೆಂದು ಪುರಾಣಗಳು ತಿಳಿಸುತ್ತವೆ. ಬಸವಣ್ಣನವರು ಸಿಟ್ಟಾಗದೆ ಲೆಕ್ಕವನ್ನು ಒಪ್ಪಿಸಿದರಂತೆ. ಅವರ ಹಟ್ಟಿಯ ಹಸುಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ, ತಾಯಿಯಿಲ್ಲದೆ ಕರುಗಳು ಒರಲುವುವೆಂದು ಅವುಗಳನ್ನೂ ಕಳ್ಳರಿಗೇ ಕೊಡಿಸಿದರೆಂಬ ಕಥೆಯೂ ಪ್ರಸಿದ್ಧವಾಗಿದೆ.

ಈ ಶಾಂತಿ ಅವರಿಗೆ ಹುಟ್ಟಿನಿಂದ ಬಂದದ್ದೆಂದು ನನಗೆ ತೋರುವುದಿಲ್ಲ. ಅವರ ವಚನಗಳಲ್ಲಿ ತಮ್ಮ ಮನಸ್ಸಿನ ಚಾಂಚಲ್ಯವನ್ನು ಅವರಷ್ಟು ನಿಷ್ಠುರವಾಗಿ ಬಯಲಿಗಿಟ್ಟವರು ವಿರಳ. ಎದೆಯೊಳಗಿನ ಕಿಚ್ಚು ಹೊತ್ತಿದವನನ್ನೇ ಮೊದಲು ಸುಡುತ್ತದೆಂಬುದು ಅವರು ಕಂಡುಕೊಂಡ ಸತ್ಯ. ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿಯನ್ನು ನೆಲೆಗೊಳಿಸುವ ನಿತ್ಯದ ಸಾಧನೆ, ಅಲ್ಲಮಪ್ರಭುಗಳ ಅಧ್ಯಕ್ಷತೆಯ ಅನುಭವ ಮಂಟಪದಲ್ಲಿ ಎಲ್ಲರೆದುರು ನಡೆಯುತ್ತಿದ್ದ ಆತ್ಮಶೋಧನೆ, ಇವೆರಡೂ ಮನಸ್ಸನ್ನು ಕಾಯುವ ಅಭ್ಯಾಸಗಳೇ ಆಗಿದ್ದುವು. ಇದನ್ನೇ ಶರಣರು ಅರಿವು ಎಂದು ಕರೆದರು.

ಆ ಅರಿವಿಗೆ ಕಠಿಣ ಪರೀಕ್ಷೆ ಬಂದದ್ದು 1167ರ ಸುಮಾರಿಗೆ. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮಧುವರಸರ ಮಗಳಿಗೂ ನಡೆದ ವಿವಾಹದಿಂದ ಕೆರಳಿದ ಬಿಜ್ಜಳನು ಆ ತಂದೆಯರಿಗೆ ಕ್ರೂರವಾದ ಮರಣದಂಡನೆ ವಿಧಿಸಿದನೆಂದು ಪರಂಪರೆ ಹೇಳುತ್ತದೆ. ಪ್ರಾಣಸಮಾನರಾದವರು ಹತರಾದಾಗಲೂ ಬಸವಣ್ಣನವರು ಸೇಡಿನ ಮಾತಾಡದೆ ಕಲ್ಯಾಣವನ್ನು ಬಿಟ್ಟು ಕೂಡಲಸಂಗಮಕ್ಕೆ ತೆರಳಿದರು. ಇತರರ ಕೋಪ ಮಾತ್ರ ಆರಲಿಲ್ಲ. ಬಿಜ್ಜಳನ ಕೊಲೆಯಾಯಿತು, ಶರಣರು ಚದುರಿಹೋದರು. ಬಸವಣ್ಣನವರು ಸಂಗಮದಲ್ಲಿಯೇ ಐಕ್ಯರಾದರು. ತನ್ನ ಕೋಪವನ್ನು ಗೆದ್ದವನೂ ಲೋಕದ ಕೋಪವನ್ನು ತಡೆಯಲಾರನೆಂಬ ದುಃಖ ಈ ಕಥೆಯಲ್ಲಿದೆ. ಆದುದರಿಂದಲೇ ಒಬ್ಬೊಬ್ಬರೂ ತಮ್ಮ ತಮ್ಮ ಕಿಚ್ಚನ್ನು ತಾವೇ ಕಾಯಬೇಕಾಗಿದೆ.

ಬಸವಣ್ಣನವರ ಚರಿತ್ರೆಯನ್ನು ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ಹಾಡಿದನು. ಭೀಮಕವಿಯು 1369ರಲ್ಲಿ ಅದನ್ನು ಕನ್ನಡಕ್ಕೆ ತಂದನು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಆಡುವ ಕೋಸಗಿಯ ನಮಗೆ ಅವರು ಎರಡು ಕಡೆಯಿಂದಲೂ ಬಂಧುಗಳು.

ನನ್ನ ಕೋಪ ಪೂರ್ಣವಾಗಿ ಹೋಗಿದೆಯೆಂದು ಹೇಳಲಾರೆ. ಆದರೆ ಅದು ಬರುವ ಸುಳಿವು ಈಗ ನನಗೆ ತಿಳಿಯುತ್ತದೆ. ಕಿವಿ ಬಿಸಿಯಾಗುತ್ತದೆ, ಉಸಿರು ಮೊಟಕಾಗುತ್ತದೆ, ಮುಷ್ಟಿ ಬಿಗಿಯುತ್ತದೆ. ಆಗ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು, ಉಸಿರು ಹದಕ್ಕೆ ಬರುವವರೆಗೆ ಸುಮ್ಮನೆ ನಿಲ್ಲುವುದನ್ನು ರೂಢಿಸಿಕೊಂಡೆ. ಮುಂದಿನ ವರ್ಷಗಳಲ್ಲಿ ಯಾವ ಮಗುವಿನ ಮೇಲೂ ನನ್ನ ಕೈ ಏಳಲಿಲ್ಲ. ಆ ಒಬ್ಬ ಹುಡುಗನ ಋಣ ಮಾತ್ರ ಇಂದಿಗೂ ತೀರಿಲ್ಲ. ಈ ಶಾಲೆಯಲ್ಲಿ ಕಲಿತು ಇಂದು ತಂದೆತಾಯಿಗಳೂ ಗುರುಗಳೂ ಆಗಿರುವ ನನ್ನ ಬಂಧುಗಳಿಗೆ ಅಂತಹ ಋಣ ಬಾರದಿರಲೆಂದು ಹಾರೈಸುತ್ತೇನೆ.