ನೆಲ್ಸನ್ ಅನ್ನಂಡೇಲ್

ಥಾಮಸ್ ನೆಲ್ಸನ್ ಅನ್ನಂಡೇಲ್ (15 ಜೂನ್ 1876 – 10 ಏಪ್ರಿಲ್ 1924) ಸ್ಕಾಟ್ಲೆಂಡಿನ ಪ್ರಾಣಿಶಾಸ್ತ್ರಜ್ಞರು. ಕಾಲಿಲ್ಲದ ಬಾರ್ಕುಡಾ ಹಾವುರಾಣಿಯನ್ನು ವಿಜ್ಞಾನಲೋಕಕ್ಕೆ ಪರಿಚಯಿಸಿದವರು ಇವರೇ.

ಜೀವನ

ಎಡಿನ್‌ಬರೋದಲ್ಲಿ ಶಸ್ತ್ರವೈದ್ಯರೊಬ್ಬರ ಮಗನಾಗಿ ಜನಿಸಿದ ಅನ್ನಂಡೇಲ್, ಆಕ್ಸ್‌ಫರ್ಡ್ ಹಾಗೂ ಎಡಿನ್‌ಬರೋ ವಿಶ್ವವಿದ್ಯಾಲಯಗಳಲ್ಲಿ ವ್ಯಾಸಂಗ ಮಾಡಿದರು. 1904ರಲ್ಲಿ ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಂ ಸೇರಿ, 1907ರಲ್ಲಿ ಅದರ ಅಧೀಕ್ಷಕರಾದರು. 1916ರಲ್ಲಿ ಭಾರತೀಯ ಪ್ರಾಣಿವಿಜ್ಞಾನ ಸರ್ವೇಕ್ಷಣಾ ಸಂಸ್ಥೆ ಸ್ಥಾಪನೆಯಾದಾಗ ಅದರ ಮೊದಲ ನಿರ್ದೇಶಕರಾಗಿ ನೇಮಕಗೊಂಡರು. ಸಂಗ್ರಹಾಲಯದ ಮಾದರಿಗಳಿಗಷ್ಟೇ ತೃಪ್ತರಾಗದೆ, ಜೀವಿಗಳನ್ನು ಅವುಗಳ ನೆಲೆಯಲ್ಲಿಯೇ ಅಧ್ಯಯನ ಮಾಡಿದರು. ಬರ್ಮಾದ ಇನ್ಲೆ, ಜಪಾನಿನ ಬೀವಾ, ಒಡಿಶಾದ ಚಿಲಿಕಾ ಅವರು ಶೋಧಿಸಿದ ಸರೋವರಗಳಲ್ಲಿ ಕೆಲವು.

ಬಾರ್ಕುಡಾ ಹಾವುರಾಣಿ

ಸ್ಟ್ಯಾನ್ಲಿ ಕೆಂಪ್ ಅವರೊಡನೆ ಚಿಲಿಕಾದ ಜೀವಿಗಳ ಸಮೀಕ್ಷೆ ಕೈಗೊಂಡಿದ್ದ ಅನ್ನಂಡೇಲ್, ಆ ಸರೋವರದ ಬಾರ್ಕುಡಾ ದ್ವೀಪದಲ್ಲಿ ದೊರೆತ ವಿಚಿತ್ರ ಪ್ರಾಣಿಯೊಂದನ್ನು 1917ರಲ್ಲಿ ವಿವರಿಸಿದರು. ನೋಟಕ್ಕೆ ಹಾವಿನಂತಿದ್ದರೂ ಅದು ಹಾವುರಾಣಿಯ ಜಾತಿಗೆ ಸೇರಿದುದು. ಕಾಲುಗಳು ಮಾತ್ರ ಇಲ್ಲ. ಅದಕ್ಕಾಗಿ ಹೊಸ ಕುಲವೊಂದನ್ನೇ ರಚಿಸಿ, ದ್ವೀಪದ ಹೆಸರನ್ನೇ ಆಧರಿಸಿ 'ಬಾರ್ಕುಡಿಯಾ ಇನ್ಸುಲಾರಿಸ್' ಎಂದು ನಾಮಕರಣ ಮಾಡಿದರು. ಮರದ ಬೇರುಗಳ ಸುತ್ತಲಿನ ಸಡಿಲ ಮಣ್ಣಿನೊಳಗೆ ವಾಸಿಸುವ ಈ ಪ್ರಾಣಿ, ನೆಲ ಅಗೆದಾಗಲಲ್ಲದೆ ಕಣ್ಣಿಗೆ ಬೀಳುವುದು ವಿರಳ. ಆದುದರಿಂದಲೇ ಅನ್ನಂಡೇಲರ ನಂತರ ದಶಕಗಳವರೆಗೆ ಅದು ಮತ್ತೆ ಪತ್ತೆಯಾಗಲಿಲ್ಲ. ಅದು ಅಳಿದಿರಬಹುದೆಂಬ ಶಂಕೆಯೂ ಮೂಡಿತ್ತು. ಮರುಶೋಧದ ಬಳಿಕವೂ ಅದು ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ.

ಕೊನೆಯ ದಿನಗಳು

1924ರ ಆರಂಭದಲ್ಲಿ ಬೆಂಗಳೂರಿನಲ್ಲಿ ಜರುಗಿದ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಅಧಿವೇಶನಕ್ಕೆ ಅನ್ನಂಡೇಲ್ ಅಧ್ಯಕ್ಷರಾಗಿದ್ದರು. ಅದೇ ವರ್ಷ ಏಪ್ರಿಲ್‌ನಲ್ಲಿ, ತಮ್ಮ 47ನೆಯ ವಯಸ್ಸಿನಲ್ಲಿ, ಕಲ್ಕತ್ತೆಯಲ್ಲಿ ನಿಧನರಾದರು.